ನಿಂಬೆಹಣ್ಣಿಲ್ಲದೆ ಸ್ಕರ್ವಿ ಗುಣಪಡಿಸಿದ ವೈದ್ಯ ಫ್ರೆಡರಿಕ್ ಕುಕ್

ವಿಟಮಿನ್ ಸಿ ಸಿಗುವುದು ಹುಳಿ ಹಣ್ಣುಗಳಲ್ಲಿ ಮಾತ್ರ ಎಂದು ನಮ್ಮಲ್ಲಿ ಹಲವರು ನಂಬಿದ್ದೇವೆ. ಇದು ನಿಜವೇ? ಅಮೆರಿಕದ ವೈದ್ಯ ಫ್ರೆಡರಿಕ್ ಕುಕ್ (1865–1940) ಅವರ ಬದುಕಿನಲ್ಲಿ ಉತ್ತರವಿದೆ.

1897ರಲ್ಲಿ ಕುಕ್ ಬೆಲ್ಜಿಯಂನ ಸಂಶೋಧನಾ ಹಡಗು ‘ಬೆಲ್ಜಿಕಾ’ದ ವೈದ್ಯರಾದರು. ಮರುವರ್ಷ ಮಾರ್ಚ್‌ನಲ್ಲಿ ಹಡಗು ಅಂಟಾರ್ಕ್ಟಿಕಾದ ಮಂಜುಗಡ್ಡೆಯಲ್ಲಿ ಸಿಕ್ಕಿಬಿತ್ತು. ಹೊರಬರಲು ಸುಮಾರು ಒಂದು ವರ್ಷ ಬೇಕಾಯಿತು. ಡಬ್ಬಿ ಆಹಾರವನ್ನೇ ನಂಬಿದ್ದವರಿಗೆ ಸ್ಕರ್ವಿ ಬಂತು. ಒಸಡು ಊದಿತು, ಕಾಲು ಬಾತಿತು.

ತಾಜಾ ಮಾಂಸವನ್ನೇ ತಿಂದು ಇನ್ಯೂಟ್ ಜನ ಆರೋಗ್ಯವಾಗಿರುವುದನ್ನು ಕುಕ್ ಗ್ರೀನ್‌ಲ್ಯಾಂಡ್‌ನಲ್ಲಿ ಕಂಡಿದ್ದರು. ಹಾಗಾಗಿ ಪೆಂಗ್ವಿನ್, ಸೀಲ್ ಮಾಂಸವನ್ನು ಹೆಚ್ಚು ಬೇಯಿಸದೆ ತಿನ್ನಲು ಹೇಳಿದರು. ತಂಡದ ನಾಯಕ ಡಿ ಜೆರ್ಲಾಶ್ ಮೊದಲು ಒಪ್ಪಲಿಲ್ಲ. ತಾವೇ ಹಾಸಿಗೆ ಹಿಡಿದ ಮೇಲೆ ತಿಂದು ಚೇತರಿಸಿಕೊಂಡರು.

ಕಾರಣವೇನು? ತಾಜಾ ಮಾಂಸದಲ್ಲಿ, ಅದರಲ್ಲೂ ಯಕೃತ್ತಿನಲ್ಲಿ, ಸ್ವಲ್ಪ ವಿಟಮಿನ್ ಸಿ ಇರುತ್ತದೆ. ಅತಿಯಾಗಿ ಬೇಯಿಸಿದರೆ ನಾಶವಾಗುತ್ತದೆ. ವಿಟಮಿನ್ ಸಿ ಪತ್ತೆಯಾದದ್ದು ಇದಾಗಿ ಮೂವತ್ತು ವರ್ಷಗಳ ನಂತರ!

1908ರಲ್ಲಿ ಉತ್ತರ ಧ್ರುವ ತಲುಪಿದೆನೆಂಬ ಕುಕ್ ಮಾತನ್ನು ಜಗತ್ತು ನಂಬಲಿಲ್ಲ. 1923ರಲ್ಲಿ ವಂಚನೆ ಪ್ರಕರಣದಲ್ಲಿ ಅವರಿಗೆ ಶಿಕ್ಷೆಯೂ ಆಯಿತು. ಆದರೂ ದಕ್ಷಿಣ ಧ್ರುವವನ್ನು ಮೊದಲು ತಲುಪಿದ ಅಮುಂಡ್‌ಸೆನ್ ಅವರನ್ನು ಜೈಲಿನಲ್ಲಿ ಭೇಟಿಯಾದರು. ಬೆಲ್ಜಿಕಾದಲ್ಲಿ ಅವರೂ ಇದ್ದರು.

ನಮಗೆ ಹಸಿ ಮಾಂಸ ಬೇಡ. ನೆಲ್ಲಿಕಾಯಿ, ಸೀಬೆಹಣ್ಣು ಸಾಕು. ಹುಳಿ ಹಣ್ಣು ಮಾತ್ರ ಎಂಬ ಸಂದೇಶ ಬಂದರೆ ಕುಕ್ ಕಥೆ ಹಂಚಿಕೊಳ್ಳಿ.