ಮನೆಮನೆಗೆ ದೇವರ ಪಟ ತಲುಪಿಸಿದ ರಾಜಾ ರವಿವರ್ಮ

ಬೆಟ್ಟ ಹತ್ತಿ ತಾಯಿಯ ದರ್ಶನ ಮಾಡಿ, ಇಳಿಯುವಾಗ ಅಂಗಡಿಯಲ್ಲಿ ದೇವರ ಪಟವೊಂದನ್ನು ಕೊಂಡು ಹೋಗುವುದು ನಮ್ಮವರ ವಾಡಿಕೆ. ಅಚ್ಚಿನ ಪಟಗಳು ಹೀಗೆ ಮನೆಮನೆಯ ದೇವರ ಗೂಡು ಸೇರಲು ಬಹುಮುಖ್ಯ ಕಾರಣರಾದವರು ಚಿತ್ರಕಾರ ರಾಜಾ ರವಿವರ್ಮ.

ಇವರು 1848ರ ಏಪ್ರಿಲ್ 29ರಂದು ಕೇರಳದ ಕಿಳಿಮಾನೂರಿನಲ್ಲಿ ಜನಿಸಿದರು. ಬಾಲ್ಯದಲ್ಲಿ ಗೋಡೆಯ ಮೇಲೆಲ್ಲಾ ಇದ್ದಿಲಿನಿಂದ ಚಿತ್ರ ಗೀಚುತ್ತಿದ್ದರಂತೆ. ಸೋದರಮಾವ ರಾಜರಾಜವರ್ಮ ಗದರಿಸದೆ ತಾವೇ ಚಿತ್ರವಿದ್ಯೆ ಕಲಿಸಿದರು. ಚಿತ್ರಕಲೆಯನ್ನೇ ವೃತ್ತಿಯಾಗಿ ಹಿಡಿಯುವ ಮೊದಲು, 1870ರಲ್ಲಿ, ನಮ್ಮ ಕೊಲ್ಲೂರಿಗೆ ಬಂದು ಮೂಕಾಂಬಿಕಾ ದೇವಿಯ ಸನ್ನಿಧಿಯಲ್ಲಿ 41 ದಿನ ವ್ರತ ಮಾಡಿದರು. ಅಲ್ಲಿಂದ ಮುಂದೆ ಅವರ ಕೀರ್ತಿ ಬೆಳೆಯುತ್ತಲೇ ಹೋಯಿತು. 1873ರಲ್ಲಿ ವಿಯೆನ್ನಾ ಪ್ರದರ್ಶನದಲ್ಲಿ ಬಹುಮಾನ ಬಂತು. ಬರೋಡ, ಮೈಸೂರು ಮಹಾರಾಜರು ಕರೆಸಿ ಪುರಾಣದ ಚಿತ್ರಗಳನ್ನು ಬರೆಸಿದರು.

ಅರಮನೆಯ ಚಿತ್ರ ಬಡವರಿಗೆಲ್ಲಿ ಸಿಗಬೇಕು? ಅದಕ್ಕೇ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದರು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲಚ್ಚು ಮಾಡಿ, ಒಂದರ ಮೇಲೊಂದು ಒತ್ತಿ ಪಟ ತಯಾರಾಗುತ್ತಿತ್ತು. ಆ ಕಾಲದಲ್ಲಿ ಎಷ್ಟೋ ಜನರಿಗೆ ಜಾತಿಯ ಕಾರಣಕ್ಕೆ ಗುಡಿಯೊಳಗೆ ಪ್ರವೇಶವೇ ಇರಲಿಲ್ಲ. ರವಿವರ್ಮರ ತಿರುವಾಂಕೂರಿನಲ್ಲಿಯೇ ಎಲ್ಲ ಹಿಂದೂಗಳಿಗೂ ದೇವಸ್ಥಾನದ ಬಾಗಿಲು ತೆರೆದದ್ದು 1936ರಲ್ಲಿ. ಅದಕ್ಕೆ 40 ವರ್ಷ ಮೊದಲೇ ಪಟದ ರೂಪದಲ್ಲಿ ತಾಯಿ ಜನರ ಮನೆಗೆ ಬರತೊಡಗಿದ್ದಳು.

ಅವರ ಲಕ್ಷ್ಮಿಯನ್ನು ನೋಡಿ. ಕಮಲದ ಮೇಲೆ ನಿಂತಿದ್ದಾಳೆ, ನಾಲ್ಕು ಕೈಗಳಿವೆ. ಆದರೆ ಉಟ್ಟಿರುವುದು ಹಬ್ಬದ ದಿನ ನಮ್ಮ ಹೆಣ್ಣುಮಕ್ಕಳು ಉಡುವಂಥ ಸೀರೆ. ಮುಖದಲ್ಲಿ ಮನೆಯ ಹಿರಿಮಗಳ ಶಾಂತಿ. ಸರಸ್ವತಿಯೂ ಹಾಗೆಯೇ, ನೀರಿನ ದಡದ ಬಂಡೆಯ ಮೇಲೆ ಕುಳಿತು ವೀಣೆ ನುಡಿಸುತ್ತಾಳೆ, ಪಕ್ಕದಲ್ಲಿ ನವಿಲು. ದೇವಿ ಎಲ್ಲೋ ದೂರದಲ್ಲಿಲ್ಲ, ನೀರು ತುಂಬುವ, ದೀಪ ಹಚ್ಚುವ ನಮ್ಮ ತಾಯಂದಿರಲ್ಲೇ ಇದ್ದಾಳೆ ಅಂತ ಆ ಪಟ ನೋಡಿದರೆ ತಿಳೀತದೆ.

ಅಚ್ಚುಕೂಟದಿಂದ ಅವರಿಗೆ ಲಾಭವಾಗಲಿಲ್ಲ. ಸಾಲ ಏರಿತು, ಕಡೆಗೆ ಜರ್ಮನಿಯ ತಂತ್ರಜ್ಞರೊಬ್ಬರಿಗೆ ಮಾರಬೇಕಾಯಿತು. ಜೊತೆಯಲ್ಲೇ ದುಡಿದ ತಮ್ಮ 1905ರಲ್ಲಿ ತೀರಿಕೊಂಡರು. ರವಿವರ್ಮರು 1906ರ ಅಕ್ಟೋಬರ್ 2ರಂದು ಕಿಳಿಮಾನೂರಿನಲ್ಲಿ ದೈವಾಧೀನರಾದರು. ಪಟಗಳು ಮಾತ್ರ ಅಚ್ಚಾಗುತ್ತಲೇ ಇದ್ದವು.

ಆದ್ದರಿಂದ ಭಕ್ತಾದಿಗಳು ಪಟ ಹಳತಾಯಿತೆಂದು ಅರಳಿಮರದ ಬುಡದಲ್ಲಿ ಬಿಟ್ಟು ಹೋಗಬಾರದು. ಧೂಳು ಒರೆಸಿ, ಗಾಜು ಒಡೆದಿದ್ದರೆ ಹೊಸದು ಹಾಕಿಸಿ, ಒಂದು ಹೂವಿಟ್ಟು ಎರಡು ನಿಮಿಷ ನಿಂತು ನೋಡಿ. ಬೆಟ್ಟ ಹತ್ತಲಾರದ ಮನೆಯ ಹಿರಿಯರಿಗೆ ಅದೇ ದರ್ಶನ.