ಕಾವೇರಿ ಎಂಬ ಪತ್ತೇದಾರಿಣಿ, ಅವಳನ್ನು ಸೃಷ್ಟಿಸಿದ ಹರಿಣಿ ನಾಗೇಂದ್ರ

ಮಕ್ಕಳೇ, ಶೆರ್ಲಾಕ್ ಹೋಮ್ಸ್ ನಿಮಗೆಲ್ಲ ಗೊತ್ತು. ಅಗಾಥಾ ಕ್ರಿಸ್ಟಿಯ ಪುಸ್ತಕಗಳನ್ನು ನಿಮ್ಮಲ್ಲಿ ಕೆಲವರು ಆಗಲೇ ಓದಿ ಮುಗಿಸಿದ್ದೀರಿ. ಈ ಸಂಚಿಕೆಯಲ್ಲಿ ನಿಮಗೆ ಪರಿಚಯಿಸುತ್ತಿರುವ ಪತ್ತೇದಾರಿಣಿ ನಮ್ಮ ನಾಡಿನವಳೇ. ಹೆಸರು ಕಾವೇರಿ ಮೂರ್ತಿ, ವಯಸ್ಸು ಹತ್ತೊಂಬತ್ತು. ಗಣಿತವೆಂದರೆ ಪ್ರಾಣ. ಹೆಣ್ಣುಮಕ್ಕಳಿಗೆ ಹೆಚ್ಚು ಓದು ಒಳ್ಳೆಯದಲ್ಲ ಎಂದು ನಂಬಿದ ಅತ್ತೆಯ ಕಣ್ಣು ತಪ್ಪಿಸಿ ಲೆಕ್ಕ ಬಿಡಿಸುತ್ತಾಳೆ. ಗಂಡ ರಾಮು ಬೌರಿಂಗ್ ಆಸ್ಪತ್ರೆಯ ಡಾಕ್ಟರು, ಹೆಂಡತಿಯ ಬುದ್ಧಿವಂತಿಕೆಯನ್ನು ಕಂಡು ಹಿಗ್ಗುವ ಮನುಷ್ಯ. ಪಕ್ಕದ ಮನೆಯ ಉಮಾ ಆಂಟಿ ಅವಳ ಬಲಗೈ. ಊರು ಬೆಂಗಳೂರು, ಕಾಲ 1921.

ಒಂದು ರಾತ್ರಿ ಸೆಂಚುರಿ ಕ್ಲಬ್ಬಿನಲ್ಲಿ ಪಾರ್ಟಿ. ಗದ್ದಲ ಸಾಕಾಗಿ ಕಾವೇರಿ ತೋಟಕ್ಕೆ ಬರುತ್ತಾಳೆ. ಕತ್ತಲಲ್ಲಿ ಯಾರೋ ನಿಂತಿದ್ದಾರೆ, ಕರೆಯದೆ ಬಂದವರು. ಸ್ವಲ್ಪ ಹೊತ್ತಿನಲ್ಲೇ ಅಲ್ಲಿ ಕೊಲೆಯಾಗುತ್ತದೆ. ತಪ್ಪು ಒಬ್ಬ ಅಸಹಾಯಕ ಹೆಂಗಸಿನ ತಲೆಗೆ ಬರುತ್ತದೆನ್ನುವಾಗ ಕಾವೇರಿ ಸುಮ್ಮನಿರುವುದಿಲ್ಲ. ಮುಂದಿನದನ್ನು ನಾನು ಹೇಳಿದರೆ ನಿಮ್ಮ ಓದಿನ ಸುಖ ಹೋಗುತ್ತದೆ.

ಈ ಕಥೆ ಬರೆದ ಹರಿಣಿ ನಾಗೇಂದ್ರ ಅವರ ಮುಖ್ಯ ಕಸುಬು ಕಾದಂಬರಿಯಲ್ಲ. ಅವರು ಪರಿಸರ ವಿಜ್ಞಾನಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡಿ, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಕಾಡುಗಳನ್ನು ಜನರೇ ಕೂಡಿ ಹೇಗೆ ಕಾಪಾಡಿಕೊಳ್ಳುತ್ತಾರೆ ಎಂಬ ವಿಷಯದಲ್ಲಿ ಅಮೆರಿಕದ ಎಲಿನಾರ್ ಆಸ್ಟ್ರಮ್ ಜೊತೆ ಸಂಶೋಧನೆ ಮಾಡಿದರು. ಅರ್ಥಶಾಸ್ತ್ರದಲ್ಲಿ ನೊಬೆಲ್ ಪಡೆದ ಮೊದಲ ಮಹಿಳೆ ಆಸ್ಟ್ರಮ್. ಆ ಗೌರವ ಬಂದದ್ದು 2009ರಲ್ಲಿ.

ಆಮೇಲೆ ಹರಿಣಿಯವರು ಬೆಂಗಳೂರಿನ ಮರಗಳ, ಕೆರೆಗಳ ಬೆನ್ನು ಹತ್ತಿದರು. ನನಗೆ ತುಂಬ ಹಿಡಿಸಿದ್ದು ಸಂಪಂಗಿ ಕೆರೆಯ ಕುರಿತು ಅವರೂ ಸಂಗಡಿಗರೂ ಮಾಡಿದ ಕೆಲಸ. ಇವತ್ತು ಕಂಠೀರವ ಕ್ರೀಡಾಂಗಣ ಇರುವಲ್ಲಿ ಹಿಂದೆ ದೊಡ್ಡ ಕೆರೆಯಿತ್ತು. ಅಷ್ಟು ನೀರು ಎಲ್ಲಿ ಹೋಯಿತು? ಅವರು ಹಳೆಯ ನಕ್ಷೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರು, ಸರ್ಕಾರಿ ಕಡತಗಳನ್ನು ಓದಿದರು, ವಯಸ್ಸಾದವರನ್ನು ಮಾತಾಡಿಸಿದರು. ತೋಟ ಮಾಡುವವರಿಗೆ ಕೆರೆಯಲ್ಲಿ ನೀರು ಬೇಕಿತ್ತು. ಕೆರೆ ಒಣಗಿದ್ದರೆ ಪೋಲೊ ಆಡಲು ಅನುಕೂಲ ಎಂಬುದು ಬ್ರಿಟಿಷ್ ದಂಡಿನ ದೊರೆಗಳ ಲೆಕ್ಕ. ಗೆದ್ದವರು ಯಾರೆಂದು ನೀವೇ ಊಹಿಸಬಹುದು. ಈಗ ಅಲ್ಲಿ ಉಳಿದಿರುವುದು ಒಂದು ಪುಟ್ಟ ಕುಂಟೆ; ಕರಗ ಉತ್ಸವದ ಹೊತ್ತಿನಲ್ಲಿ ಅಲ್ಲಿ ಪೂಜೆ ನಡೆಯುತ್ತದೆ.

ಯಾರು ಮಾಡಿದರು, ಏಕೆ ಮಾಡಿದರು, ಸಾಕ್ಷಿ ಎಲ್ಲಿದೆ ಎಂದು ಕೇಳುತ್ತ ಹೋಗುವ ಈ ಕೆಲಸವೂ ಪತ್ತೇದಾರಿಕೆಯೇ ಅಲ್ಲವೇ? ಹಳೆಯ ಬೆಂಗಳೂರಿನ ದಾಖಲೆಗಳಲ್ಲಿ ಮುಳುಗಿದ್ದ ಆ ವರ್ಷಗಳಲ್ಲಿ ಕಾವೇರಿ ಅವರ ಮನಸ್ಸಿಗೆ ಬಂದಳು. ಅದಕ್ಕೇ ಕಾದಂಬರಿಯ ಊರು ಅಷ್ಟು ನಿಜ ಅನ್ನಿಸುತ್ತದೆ. ಒಂದು ಕಡೆ ಮೈಸೂರು ಮಹಾರಾಜರ ಪೇಟೆ, ಇನ್ನೊಂದು ಕಡೆ ಬ್ರಿಟಿಷರ ದಂಡು, ನಡುವೆ ಕಬ್ಬನ್ ಪಾರ್ಕು. ಸೆಂಚುರಿ ಕ್ಲಬ್ಬು ಕೂಡ ಕಟ್ಟುಕತೆಯಲ್ಲ. ಬ್ರಿಟಿಷರ ಕ್ಲಬ್ಬಿನ ಬಾಗಿಲು ಭಾರತೀಯರಿಗೆ ಮುಚ್ಚಿದ್ದ ಕಾಲದಲ್ಲಿ, 1917ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ಅದನ್ನು ಕಟ್ಟಿಸಿದರು.

ಅದೇ 1921ರಲ್ಲಿ ನಮ್ಮ ಬೈಲಹೊಂಗಲ, ಸವದತ್ತಿ ಕಡೆ ಹೇಗಿತ್ತು ಗೊತ್ತೇ? ಬೈಲಹೊಂಗಲ, ಕಿತ್ತೂರು ಎರಡೂ ಆಗ ಸಂಪಗಾಂವ ತಾಲೂಕಿನಲ್ಲಿದ್ದವು. ಸವದತ್ತಿ ಇದ್ದದ್ದು ಪರಸಗಡ ತಾಲೂಕಿನಲ್ಲಿ. ಇವೆಲ್ಲ ಮುಂಬೈ ಪ್ರಾಂತ್ಯಕ್ಕೆ ಸೇರಿದವು. ರಾಮದುರ್ಗದ್ದು ಬೇರೆಯೇ ಸಂಸ್ಥಾನ, ಅದಕ್ಕೆ ಅದರದೇ ರಾಜರು. ನಿಮ್ಮ ಮುತ್ತಜ್ಜಿಯೂ ಕಾವೇರಿಯೂ ಆಡುತ್ತಿದ್ದದ್ದು ಕನ್ನಡವೇ, ಆದರೆ ಇಬ್ಬರನ್ನೂ ಆಳುತ್ತಿದ್ದ ಸರ್ಕಾರ ಬೇರೆ ಬೇರೆ. ಒಂದೇ ರಾಜ್ಯಕ್ಕೆ ಬರಲು 1956ರವರೆಗೆ ಕಾಯಬೇಕಾಯಿತು.

ಕನ್ನಡದಲ್ಲಿ ಪತ್ತೇದಾರಿ ಕಾದಂಬರಿಗೆ ಬರವಿಲ್ಲ. ಎನ್. ನರಸಿಂಹಯ್ಯ ಒಬ್ಬರೇ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನಿಗಾಗಿ ನಿಮ್ಮ ಅಜ್ಜಂದಿರು ಲೈಬ್ರರಿಯಲ್ಲಿ ಸರದಿ ಕಾಯುತ್ತಿದ್ದರು. ಆದರೆ ನಮ್ಮ ಪತ್ತೇದಾರರಲ್ಲಿ ಹೆಚ್ಚಿನವರು ಗಂಡಸರು, ಬರೆದವರೂ ಗಂಡಸರೇ. ಹರಿಣಿಯವರು ಬರೆಯುವುದು ಇಂಗ್ಲಿಷಿನಲ್ಲಿ. ಕನ್ನಡ ಓದಲು ಇನ್ನೂ ತಡವರಿಸುವ ನಿಮ್ಮಂಥವರಿಗೆ ನಮ್ಮ ನಾಡಿನ ಮನೆ, ಅಡುಗೆ, ಜಗಳ, ಧೈರ್ಯ ಎಲ್ಲ ಆ ಭಾಷೆಯಲ್ಲೇ ಸಿಗುತ್ತಿರುವುದು ದೊಡ್ಡ ಲಾಭವೆಂದು ನಾನು ತಿಳಿದಿದ್ದೇನೆ. ಪುಸ್ತಕದ ಕೊನೆಗೆ ಅಡುಗೆ ಮಾಡುವ ವಿಧಾನಗಳೂ ಇವೆ.

ಮೊದಲ ಪುಸ್ತಕ ‘ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’ 2022ರಲ್ಲಿ ಬಂತು. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಆ ವರ್ಷದ ಗಮನಾರ್ಹ ಪುಸ್ತಕಗಳಲ್ಲಿ ಅದನ್ನೂ ಸೇರಿಸಿತು. 2023ರಲ್ಲಿ ಎರಡನೆಯದು. 2024ರ ಮೂರನೆಯದರಲ್ಲಿ ವೇಲ್ಸ್ ರಾಜಕುಮಾರ ಬೆಂಗಳೂರಿಗೆ ಬರುತ್ತಾನೆ. 1922ರಲ್ಲಿ ಆತ ನಿಜವಾಗಿಯೂ ಬಂದಿದ್ದ. ನಾಲ್ಕನೆಯದರಲ್ಲಿ ಕಾವೇರಿ ಕೊಡಗಿನ ಕಾಫಿ ತೋಟಗಳಿಗೆ ಹೋಗಿದ್ದಾಳೆ. ಕೊಲೆ, ಹೆಂಗಸರ ಸಂಕಟಗಳ ಕಥೆಯಾದ್ದರಿಂದ ಹೈಸ್ಕೂಲಿನವರು ಓದಲಿ; ಚಿಕ್ಕವರು ಅಪ್ಪ ಅಮ್ಮನ ಜೊತೆ ಕೂತು ಕೇಳಲಿ.

ಓದುವುದರ ಜೊತೆಗೆ ನೀವೂ ಒಂದು ಕೇಸು ಕೈಗೆತ್ತಿಕೊಳ್ಳಿ. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದಾಗ ರೇಣುಕಾಸಾಗರದ ನೀರಿನಲ್ಲಿ ಹಲವು ಹಳ್ಳಿಗಳು ಮುಳುಗಿದವು. ಊರಿಗೆ ಫೋನ್ ಮಾಡಿದಾಗ ಅಜ್ಜ ಅಜ್ಜಿಯನ್ನು ಕೇಳಿ: ಯಾವ ಹಳ್ಳಿ, ಮಂದಿ ಎಲ್ಲಿಗೆ ಹೋದರು, ಗುಡಿಯ ದೇವರನ್ನು ಎಲ್ಲಿಟ್ಟರು, ಹೊಲ ಕಳೆದುಕೊಂಡವರು ಆಮೇಲೆ ಏನು ಮಾಡಿದರು? ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಹತ್ತಿರ ಖಾತ್ರಿ ಮಾಡಿಕೊಳ್ಳಿ. ಹಳೆಯ ನಕ್ಷೆ ಸಿಕ್ಕರೆ ಹುಡುಕಿ. ಸಿಕ್ಕಿದ್ದನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ನಿಮ್ಮ ಹೆಸರಿನೊಂದಿಗೆ ಹಾಕುತ್ತೇವೆ.