ಮನೆ ಕಟ್ಟಿದರು, ಊರು ಬರಲಿಲ್ಲ: ಹಸನ್ ಫಾತಿ

ರಜೆಗೆ ಊರಿಗೆ ಹೋದಾಗ ಸೈಟಿನ ಮಾತು ಬಂದ್ರೆ ಮನೆಯವರೆಲ್ಲ ನಮ್ಮ ಮುಖ ನೋಡ್ತಾರೆ, ಇಂಜಿನಿಯರಿಂಗ್ ಓದ್ತಿದೀವಲ್ಲ! ಖಾತೆ ನೋಡಿ, ಇಸಿ ತೆಗೆಸಿ, ರಸ್ತೆ ಎಷ್ಟಗಲ ಇದೆ ಕೇಳಿ ಅಂತ ನಾಲ್ಕು ಮಾತು ಹೇಳಿ ನಾವು ಜಾರಿಕೊಳ್ತೀವಿ. ಆದರೆ ಆ ಜಾಗದಲ್ಲಿ ಇರೋರು ಯಾರು, ಅವರ ಬದುಕು ಎಂಥದ್ದು ಅನ್ನೋ ಪ್ರಶ್ನೆ ಹಾಗೇ ಉಳಿಯುತ್ತೆ. ಆ ಪ್ರಶ್ನೆಯನ್ನೇ ಜೀವನಪೂರ್ತಿ ಹೊತ್ತು ತಿರುಗಿದವರು ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫಾತಿ.

ಫಾತಿ ಹುಟ್ಟಿದ್ದು 1900ರಲ್ಲಿ, ಅಲೆಕ್ಸಾಂಡ್ರಿಯಾದಲ್ಲಿ. ಅನುಕೂಲಸ್ಥರ ಮನೆ. ತಂದೆಗೆ ಜಮೀನಿತ್ತು, ಆದರೆ ಹಳ್ಳಿ ಅಂದ್ರೆ ಆಗ್ತಿರಲಿಲ್ಲ; ತಾಯಿಗೆ ಹಳ್ಳಿ ಅಂದ್ರೆ ಪ್ರಾಣ. ಮಗ ಕೃಷಿ ಓದಲು ಹೊರಟರೂ ಪ್ರವೇಶ ಪರೀಕ್ಷೆ ದಾಟಲಿಲ್ಲ. ಅವರು ಹೊಲ ನೋಡಿದ್ದು ಹೆಚ್ಚಾಗಿ ರೈಲಿನ ಕಿಟಕಿಯಿಂದ! ಬೇಕಾದ ಬ್ರಾಂಚ್ ತಪ್ಪಿ ಬೇರೆ ಕಡೆ ಬಂದ ನಮ್ಮಲ್ಲಿ ಕೆಲವರ ಹಾಗೆ, ಅವರೂ ವಾಸ್ತುಶಿಲ್ಪಕ್ಕೆ ಬಂದು 1926ರಲ್ಲಿ ಕೈರೋದಲ್ಲಿ ಪದವಿ ಮುಗಿಸಿದರು.

ಎರಡನೇ ಮಹಾಯುದ್ಧದ ಹೊತ್ತಿಗೆ ಕಬ್ಬಿಣ, ಮರ ಎರಡೂ ಸಿಗದಾಯಿತು. ಗೋಡೆಗೆ ಹಸಿ ಇಟ್ಟಿಗೆ ಸಾಕು, ಸೂರಿಗೇನು ಮಾಡೋದು? ಆಸರೆಯ ಮರವಿಲ್ಲದೆ ಕಮಾನು ಕಟ್ಟಲು ಹೋದರೆ ಕುಸಿದು ಬಿತ್ತು. ಆಸ್ವಾನ್ ಕಡೆಯ ನೂಬಿಯಾದ ಜನ ಮರವೇ ಇಲ್ಲದೆ ಸೂರು ಹಾಕ್ತಾರೆ ಅಂತ ಅಣ್ಣತಮ್ಮಂದಿರಲ್ಲೊಬ್ಬರಿಂದ ತಿಳಿದು ಫಾತಿ ಅಲ್ಲಿಗೆ ಹೋದರು. ಅಲ್ಲಿನ ಗಾರೆ ಕೆಲಸದವರು ಮೊದಲು ಒಂದು ತುದಿಯ ಗೋಡೆ ಎಬ್ಬಿಸಿ, ಇಟ್ಟಿಗೆ ಸಾಲುಗಳನ್ನು ಅದಕ್ಕೆ ಓರೆಯಾಗಿ ಒರಗಿಸುತ್ತಿದ್ದರು. ಹಿಂದಿನ ಸಾಲೇ ಮುಂದಿನದಕ್ಕೆ ಆಸರೆ. ಹುಲ್ಲು ಹೆಚ್ಚು ಬೆರೆಸಿದ ಹಗುರ ಇಟ್ಟಿಗೆ, ಕೆಸರು ಕಚ್ಚಿಕೊಳ್ಳಲಿ ಅಂತ ಅದರ ಮೇಲೆ ಬೆರಳಿನ ಗೀರು. ಆಕಾರ ತೂಗುಬಿಟ್ಟ ಸರಪಳಿಯನ್ನು ತಲೆಕೆಳಗು ಮಾಡಿದ ಹಾಗೆ. ಹಾಗಾಗಿ ಮಣ್ಣಿನ ಮೇಲೆ ಬೀಳೋದು ಬಹುಪಾಲು ಒತ್ತಡ ಮಾತ್ರ, ಎಳೆತವಲ್ಲ. ನಾವು ಬೋರ್ಡಿನ ಮೇಲೆ ಕಲಿಯೋದನ್ನ ಆ ಕೈಗಳು ಎಂದೋ ಕಲಿತಿದ್ದವು. ಫಾತಿ ಆ ಕೆಲಸಗಾರರನ್ನೇ ಕರೆತಂದರು.

ದೊಡ್ಡ ಪರೀಕ್ಷೆ ಬಂದಿದ್ದು ಲಕ್ಸರ್‌ನ ಹತ್ತಿರ. ಗುರ್ನಾ ಊರಿನ ಜನ ಪುರಾತನ ಗೋರಿಗಳ ಮೇಲೆಯೇ ಮನೆ ಮಾಡಿಕೊಂಡಿದ್ದರು. ಒಂದು ಗೋರಿಯಿಂದ ಕೆತ್ತನೆ ಕಳುವಾದ ಮೇಲೆ ಸರ್ಕಾರ ಇಡೀ ಊರನ್ನೇ ಎಬ್ಬಿಸಲು ನಿರ್ಧರಿಸಿತು. ಕೆಳಗಿನ ಬಯಲಲ್ಲಿ 50 ಎಕರೆ ಜಾಗ ಕೊಂಡು, ಹೊಸ ಊರು ಕಟ್ಟುವ ಹೊಣೆಯನ್ನು ಫಾತಿಗೆ ಕೊಟ್ಟರು. ಒಂದೇ ನಕ್ಷೆಯ ಸಾಲುಮನೆ ಅವರಿಗೆ ಬೇಡವಾಗಿತ್ತು. ನೆಂಟಸ್ತಿಕೆಯ ಕುಟುಂಬಗಳು ಒಂದೇ ಅಂಗಳದ ಸುತ್ತ ಇರಲಿ, ಪ್ರತಿ ಮನೆಯೂ ಬೇರೆ ಇರಲಿ ಅಂತ ನಕ್ಷೆ ಬರೆದರು. ಶಾಲೆಯಲ್ಲಿ ಗಾಳಿಗೋಪುರ ಕಟ್ಟಿ, ಒದ್ದೆ ಇದ್ದಿಲಿನ ಮೇಲೆ ಗಾಳಿ ಹಾಯಿಸಿ ಸುಮಾರು 10 ಡಿಗ್ರಿ ಬಿಸಿ ಇಳಿಸಿದರು. ಫ್ಯಾನ್ ಇಲ್ಲ, ಕರೆಂಟ್ ಇಲ್ಲ!

ಇಷ್ಟೆಲ್ಲ ಆದರೂ ಊರಿನವರು ಬರಲಿಲ್ಲ. ಗೋರಿ ನೋಡಲು ಬರೋ ಪ್ರವಾಸಿಗರು, ಹಳೆ ವಸ್ತುಗಳ ವ್ಯಾಪಾರ, ಇವೇ ಅವರ ಅನ್ನ. ಅದೆಲ್ಲ ಇದ್ದದ್ದು ಗುಡ್ಡದ ಮೇಲೆ. ಗುಮ್ಮಟದ ಸೂರು ಅವರ ಕಣ್ಣಿಗೆ ಸಮಾಧಿಯಂತೆ ಕಂಡಿತು ಅನ್ನೋ ಮಾತೂ ಇದೆ. ಒಮ್ಮೆ ಒಡ್ಡು ಒಡೆದು ಹೊಸ ಊರಿಗೆ ನೀರು ನುಗ್ಗಿತು. ಬೇಕಂತಲೇ ಒಡೆದದ್ದು ಅಂತ ಫಾತಿ ನಂಬಿದ್ದರು. ಕಚೇರಿಗಳ ಕಾಗದಪತ್ರದ ಎಳೆದಾಟ ಬೇರೆ. 1940ರ ದಶಕ ಮುಗಿಯೋ ಹೊತ್ತಿಗೆ ಕೆಲಸ ಅರ್ಧಕ್ಕೇ ನಿಂತಿತು.

ಜಾಗವೂ ಮುಂದೆ ಕೈಕೊಟ್ಟಿತು. ಆಸ್ವಾನ್ ದೊಡ್ಡ ಅಣೆಕಟ್ಟು ಬಂದ ಮೇಲೆ ವರ್ಷಪೂರ್ತಿ ನೀರಾವರಿಯಾಗಿ ಅಂತರ್ಜಲ ಮೇಲೆ ಬಂತು. ಉಪ್ಪುನೀರು ಪಾಯದಿಂದ ಗೋಡೆಗೆ ಏರಿ ಮಣ್ಣಿಟ್ಟಿಗೆಯನ್ನು ತಿಂದಿತು. ಎಷ್ಟೋ ಮನೆಗಳು ಹೋದವು.

ಫಾತಿ ಸೋಲನ್ನು ಬಚ್ಚಿಡಲಿಲ್ಲ. ಗುರ್ನಾದ ಕಥೆಯನ್ನೆಲ್ಲ ಖರ್ಚಿನ ಲೆಕ್ಕದ ಸಮೇತ ಪುಸ್ತಕ ಮಾಡಿದರು. 1973ರಲ್ಲಿ ಅದು ಅಮೆರಿಕದಲ್ಲಿ ಅಚ್ಚಾದ ಮೇಲೆ ಜಗತ್ತಿನ ವಾಸ್ತುಶಿಲ್ಪ ವಿದ್ಯಾರ್ಥಿಗಳ ಕೈಸೇರಿತು. 1980ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಕೈರೋದ ಕೋಟೆಯ ಹತ್ತಿರದ ಹಳೇ ಮನೆಯೊಂದರಲ್ಲಿ ವಾಸವಿದ್ದ ಅವರು 1989ರಲ್ಲಿ ತೀರಿಕೊಂಡರು. ಗುರ್ನಾದಲ್ಲಿ ಉಳಿದ ಕಟ್ಟಡಗಳ ರಕ್ಷಣೆಗೆ ಆಮೇಲೆ ಯುನೆಸ್ಕೋ ಕೈಹಾಕಿತು.

ಮುಂದಿನ ಸಲ ಅಪ್ಪ ಸೈಟು ತೋರಿಸಿದಾಗ ನಾವೂ ಬರೀ ಖಾತೆ ಕೇಳಿ ಸುಮ್ಮನಾಗೋದು ಬೇಡ. ಮಳೆಗಾಲದಲ್ಲಿ ಪಕ್ಕದ ಬಾವಿ ನೀರು ಎಷ್ಟು ಮೇಲೆ ಬರುತ್ತೆ, ಸಂಜೆ ಬಿಸಿಲು ಯಾವ ಗೋಡೆಗೆ ಹೊಡೆಯುತ್ತೆ, ಗಾಳಿ ಎಲ್ಲಿಂದ ಬೀಸುತ್ತೆ ನೋಡೋಣ. ಆಮೇಲೆ, ನಕ್ಷೆ ಬರೆಯೋ ಮೊದಲು, ಅಮ್ಮನನ್ನೂ ಅಜ್ಜಿಯನ್ನೂ ಕೂರಿಸಿಕೊಂಡು ಕೇಳೋಣ. ಆ ಮನೇಲಿ ಹೆಚ್ಚು ಹೊತ್ತು ಇರೋರು ಅವರೇ ತಾನೇ?